ಟವರ್ ಇಲ್ಲದ ಸಣ್ಣ ವಿಮಾನ ನಿಲ್ದಾಣದ ಸುತ್ತ ಡಿಕ್ಕಿ ತಪ್ಪಿಸುವುದು ಹೇಗೆ?

ಎರಡು ಪುಟ್ಟ ವಿಮಾನಗಳು ಗಾಳಿಯಲ್ಲೇ ಡಿಕ್ಕಿ ಹೊಡೆದ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ: ಅಷ್ಟು ದೊಡ್ಡ ಆಕಾಶದಲ್ಲಿ ಇವೆರಡಕ್ಕೆ ಜಾಗ ಸಾಲಲಿಲ್ಲವೇ? ಹಾರಾಟ ಕಲಿಯುತ್ತಿರುವವರು ಇದನ್ನೇ ಸ್ವಲ್ಪ ತಿರುಗಿಸಿ ಕೇಳುತ್ತಾರೆ: ಕಂಟ್ರೋಲ್ ಟವರ್ (ಯಾರು ಯಾವಾಗ ಇಳಿಯಬೇಕು, ಏರಬೇಕು ಎಂದು ಹೇಳುವ ನಿಯಂತ್ರಣ ಕೇಂದ್ರ) ಇಲ್ಲದ ಕಡೆಗೆ ಮೊದಲ ಸಲ ಒಂಟಿಯಾಗಿ ಹೋಗುವಾಗ ಏನೇನು ನೋಡಿಕೊಳ್ಳಬೇಕು?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಆಕಾಶ ದೊಡ್ಡದೇ, ಆದರೆ ಅದರ ತುಂಬ ಹರಡಿಕೊಂಡು ಯಾರೂ ಹಾರುವುದಿಲ್ಲ. ನಿಲ್ದಾಣದ ಹತ್ತಿರ ಬಂದಂತೆ ಎಲ್ಲರಿಗೂ ಅದೇ ರನ್‌ವೇ ಬೇಕು, ಎಲ್ಲರೂ ಅದೇ ಎತ್ತರದಲ್ಲಿ ಬಂದು ಅದೇ ಜಾಗದಲ್ಲಿ ತಿರುಗುತ್ತಾರೆ. ಸಣ್ಣ ವಿಮಾನಗಳ ಡಿಕ್ಕಿಗಳಲ್ಲಿ ಹೆಚ್ಚಿನವು ಆಗುವುದು ಹಗಲು ಹೊತ್ತಿನಲ್ಲಿ, ಆಕಾಶ ಶುಭ್ರವಾಗಿದ್ದಾಗ, ನಿಲ್ದಾಣದ ಸಮೀಪ, ಕಡಿಮೆ ಎತ್ತರದಲ್ಲಿ. ಅದೂ ಎದುರುಬದುರಾಗಿ ಅಲ್ಲ. ಒಂದೇ ದಿಕ್ಕಿಗೆ ಹೊರಟ ಎರಡರಲ್ಲಿ ವೇಗವಾಗಿರುವುದು ನಿಧಾನವಾಗಿರುವುದನ್ನು ಹಿಂದಿನಿಂದ ಅಥವಾ ಮೇಲಿನಿಂದ ಬಂದು ಮುಟ್ಟುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಈ ಲೇಖನ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸೇರುವ ದಾರಿ, ರೇಡಿಯೊ ಪದ್ಧತಿ, ಕಡ್ಡಾಯ ಉಪಕರಣ ಇವೆಲ್ಲ ದೇಶದಿಂದ ದೇಶಕ್ಕೆ ಬದಲಾಗುತ್ತವೆ. ನೀವು ಹಾರುವ ಜಾಗದ ಪ್ರಕಟಿತ ನಿಯಮ ಒಂದು ಹೇಳಿ ಈ ಲೇಖನ ಇನ್ನೊಂದು ಹೇಳಿದರೆ, ಆ ನಿಯಮವನ್ನೇ ಪಾಲಿಸಿ. ನಿಮ್ಮ ಬೋಧಕರ ಜೊತೆ ಕೂತು ಒಂದೊಂದು ಹಂತವನ್ನೂ ನಿಮ್ಮ ನಿಲ್ದಾಣಕ್ಕೆ ಹೊಂದಿಸಿ ನೋಡಿ.

ಮೊದಲು ತಿಳಿದಿರಬೇಕಾದ ಪದಗಳು

ಸರ್ಕ್ಯೂಟ್ ಅಂದರೆ ರನ್‌ವೇ ಸುತ್ತ ಹಾರುವ ಆಯತಾಕಾರದ ದಾರಿ. ಅಮೆರಿಕದಲ್ಲಿ ಇದನ್ನೇ ಪ್ಯಾಟರ್ನ್ ಅನ್ನುತ್ತಾರೆ. ಸಾಮಾನ್ಯವಾಗಿ ನೆಲದಿಂದ 1000 ಅಡಿ ಎತ್ತರದಲ್ಲಿ, ಬೇರೆ ಸೂಚನೆ ಇಲ್ಲದಿದ್ದರೆ ಎಡಕ್ಕೆ ತಿರುಗುತ್ತ ಹಾರುತ್ತಾರೆ. ಟೇಕಾಫ್ ಆಗಿ ನೇರ ಮೇಲೇರುವುದು ಅಪ್‌ವಿಂಡ್, ಮೊದಲ ತಿರುವಿನ ನಂತರ ಕ್ರಾಸ್‌ವಿಂಡ್, ರನ್‌ವೇಗೆ ಸಮಾನಾಂತರವಾಗಿ ಹಿಮ್ಮುಖ ಹೋಗುವುದು ಡೌನ್‌ವಿಂಡ್, ಮತ್ತೆ ರನ್‌ವೇ ಕಡೆ ಅಡ್ಡ ತಿರುಗಿದಾಗ ಬೇಸ್, ಕೊನೆಗೆ ರನ್‌ವೇಗೆ ನೇರವಾಗಿ ಇಳಿಯುವುದು ಫೈನಲ್. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿದರೆ ಅದು ಗೋ-ಅರೌಂಡ್. ಸರ್ಕ್ಯೂಟ್ ಸುತ್ತದೆ ದೂರದಿಂದ ನೇರವಾಗಿ ಫೈನಲ್‌ಗೇ ಬಂದರೆ ಸ್ಟ್ರೇಟ್-ಇನ್. ಸಿಟಿಎಎಫ್ ಎಂಬುದು ಟವರ್ ಇಲ್ಲದ ಕಡೆ ಪೈಲಟ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ರೇಡಿಯೊ ಫ್ರೀಕ್ವೆನ್ಸಿ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಮುಂದೆ ಮೈಲಿ ಎಂದು ಬರೆದಲ್ಲೆಲ್ಲ ನಾಟಿಕಲ್ ಮೈಲಿ ಎಂದೇ ತಿಳಿಯಿರಿ.

ಹಂತ 1: ನೆಲದ ಮೇಲೇ ಸರ್ಕ್ಯೂಟ್ ಬರೆದು ನೋಡಿ

ಒಂದು ಕಾಗದದಲ್ಲಿ ರನ್‌ವೇ ಗೀರಿ. ಇವತ್ತಿನ ಗಾಳಿಗೆ ಯಾವ ತುದಿಯಿಂದ ಇಳಿಯುತ್ತೀರಿ, ತಿರುವು ಎಡಕ್ಕೋ ಬಲಕ್ಕೋ, ಸರ್ಕ್ಯೂಟ್ ಎತ್ತರ ಸಮುದ್ರಮಟ್ಟದಿಂದ ಎಷ್ಟು (ನಿಮ್ಮ ಆಲ್ಟಿಮೀಟರ್ ತೋರಿಸುವುದು ಅದನ್ನೇ), ನೀವು ಯಾವ ದಿಕ್ಕಿನಿಂದ ಬಂದು ಎಲ್ಲಿ ಸೇರುತ್ತೀರಿ ಎಂಬುದನ್ನು ಬರೆಯಿರಿ. ಆಮೇಲೆ ಅದೇ ಕಾಗದದಲ್ಲಿ ಇನ್ನೊಬ್ಬರ ದಾರಿ ಬರೆಯಿರಿ. ಅಲ್ಲಿ ಗ್ಲೈಡರ್ ಹಾರಾಟ ಇದೆಯೇ? ಪ್ಯಾರಾಶೂಟ್ ಜಿಗಿತ ಇದೆಯೇ? ಹೆಲಿಕಾಪ್ಟರ್‌ಗಳು ಎದುರು ಭಾಗದಿಂದ ಸರ್ಕ್ಯೂಟ್ ಸುತ್ತುತ್ತವೆಯೇ? ಉಪಕರಣಗಳ ನೆರವಿನಿಂದ ಇಳಿಯುವವರು ಯಾವ ರನ್‌ವೇಗೆ ನೇರವಾಗಿ ಬರುತ್ತಾರೆ?

ಈ ಕೊನೆಯ ಪ್ರಶ್ನೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಗಾಳಿ ತೀರಾ ಕಡಿಮೆ ಇರುವ ದಿನ ನೀವು ಒಂದು ತುದಿಯಿಂದ ಇಳಿಯುತ್ತಿದ್ದರೆ, ಇನ್‌ಸ್ಟ್ರುಮೆಂಟ್ ತರಬೇತಿಯಲ್ಲಿರುವವನು ಎದುರು ತುದಿಯಿಂದ ಬರುತ್ತಿರಬಹುದು. ಆಕಾಶದಲ್ಲಿ ಎದುರಾದ ಮೇಲೆ ಅಚ್ಚರಿಪಡುವ ಬದಲು ಕಾಗದದ ಮೇಲೇ ಅದನ್ನು ಕಂಡುಕೊಳ್ಳಿ.

ಒಂದಕ್ಕೊಂದು ಅಡ್ಡ ಹಾಯುವ ರನ್‌ವೇಗಳಿದ್ದರೆ ನೆಲದ ಮೇಲೂ ಇದೇ ಅಪಾಯ. ಒಂದು ರನ್‌ವೇಯ ತುದಿಯಲ್ಲಿ ನಿಂತಾಗ ಇನ್ನೊಂದರ ತುದಿ ಮರಗಳಿಂದಲೋ ಹ್ಯಾಂಗರ್‌ಗಳಿಂದಲೋ ಮರೆಯಾಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಹಂತ 2: ಗಾಜು, ಸೀಟು, ದೀಪ

ಮುಂದಿನ ಗಾಜಿನ ಮೇಲೆ ಸತ್ತು ಅಂಟಿಕೊಂಡ ಹುಳು ಮತ್ತು ಎರಡು ಮೈಲಿ ದೂರದ ವಿಮಾನ ಎರಡೂ ಒಂದೇ ಗಾತ್ರದ ಚುಕ್ಕೆ. ಹಾಗಾಗಿ ಹೊರಡುವ ಮುನ್ನ ಗಾಜನ್ನು ಉಜ್ಜಿ. ಸೀಟು ತೀರಾ ಕೆಳಗಿದ್ದರೆ ಮುಂದಿನ ಪ್ಯಾನೆಲ್ ಅರ್ಧ ನೋಟವನ್ನು ನುಂಗುತ್ತದೆ; ಎತ್ತರಿಸಿಕೊಳ್ಳಿ. ನಿಲ್ದಾಣದ ಹತ್ತು ಮೈಲಿ ಒಳಗೆ ಹಗಲಲ್ಲೂ ಲ್ಯಾಂಡಿಂಗ್ ಲೈಟ್ ಹಾಕಿಕೊಳ್ಳಿ. ಪಕ್ಕದಲ್ಲಿ ಪ್ರಯಾಣಿಕರಿದ್ದರೆ ಅವರಿಗೂ ಕೆಲಸ ಕೊಡಿ: "ಯಾವ ವಿಮಾನ ಕಂಡರೂ ಬೆರಳು ತೋರಿಸಿ, ನಾನು ನೋಡಿದ್ದೇನೆ ಅಂದುಕೊಳ್ಳಬೇಡಿ."

ಹಂತ 3: ಹತ್ತು ಮೈಲಿ ಇರುವಾಗಲೇ ಕೇಳಿಸಿಕೊಳ್ಳಿ, ಆಮೇಲೆ ಮಾತಾಡಿ

ಕೇಳಿಸಿಕೊಳ್ಳುವುದು ಮೊದಲು. ಹತ್ತು ಮೈಲಿಗೂ ಸ್ವಲ್ಪ ಮೊದಲೇ ಫ್ರೀಕ್ವೆನ್ಸಿ ಹಾಕಿ ಸುಮ್ಮನಿದ್ದು ಕೇಳಿ. ಎಷ್ಟು ಧ್ವನಿಗಳಿವೆ, ಯಾರು ಎಲ್ಲಿದ್ದಾರೆ, ಯಾವ ರನ್‌ವೇ ಬಳಸುತ್ತಿದ್ದಾರೆ ಎಂಬುದನ್ನು ತೊಡೆಯ ಮೇಲಿನ ಪ್ಯಾಡ್‌ನಲ್ಲಿ ಒಂದೊಂದು ಪದದಲ್ಲಿ ಗುರುತು ಹಾಕಿಕೊಳ್ಳಿ. ಪೂರ್ತಿ ನಿಶ್ಶಬ್ದವಾಗಿದ್ದರೆ ಖುಷಿಪಡಬೇಡಿ, ಫ್ರೀಕ್ವೆನ್ಸಿ ಸರಿಯಾಗಿದೆಯೇ, ವಾಲ್ಯೂಮ್ ಇದೆಯೇ ಎಂದು ಮೊದಲು ನೋಡಿ. ತಪ್ಪು ಅಂಕಿ ಹಾಕಿಕೊಂಡು ಖಾಲಿ ಚಾನೆಲ್‌ನಲ್ಲಿ ಅಚ್ಚುಕಟ್ಟಾಗಿ ಸ್ಥಾನ ಹೇಳುತ್ತ ಬರುವ ಪೈಲಟ್‌ಗಳು ಕಡಿಮೆಯೇನಿಲ್ಲ.

ಮಾತಾಡುವಾಗ ಈ ಕ್ರಮ: ನಿಲ್ದಾಣದ ಹೆಸರು, ನೀವು ಯಾವ ಬಗೆಯ ವಿಮಾನ, ಎಷ್ಟು ದೂರ, ಯಾವ ದಿಕ್ಕು, ಎಷ್ಟು ಎತ್ತರ, ಏನು ಮಾಡಲಿದ್ದೀರಿ. ಅಮೆರಿಕದಂಥ ಕಡೆ ಕೊನೆಗೆ ಮತ್ತೆ ನಿಲ್ದಾಣದ ಹೆಸರು. ಒಂದೇ ಫ್ರೀಕ್ವೆನ್ಸಿಯನ್ನು ಹಲವು ನಿಲ್ದಾಣಗಳು ಹಂಚಿಕೊಂಡಿರುತ್ತವೆ, ಮಾತಿನ ಮೊದಲ ಪದ ಮೈಕ್ ಒತ್ತುವಾಗಲೇ ಕತ್ತರಿಸಿ ಹೋಗುವುದೂ ಉಂಟು. ಅದಕ್ಕೇ ಹೆಸರು ಎರಡು ಸಲ. ಮುಂದೆ ಡೌನ್‌ವಿಂಡ್, ಬೇಸ್, ಫೈನಲ್ ಪ್ರತಿಯೊಂದಕ್ಕೂ ಒಂದೊಂದು ಚುಟುಕು ಮಾತು ಸಾಕು.

ಜನ ಎಡವುವುದು ಇಲ್ಲಿ:

ಇನ್‌ಸ್ಟ್ರುಮೆಂಟ್ ಚಾರ್ಟ್‌ನಲ್ಲಿರುವ ಬಿಂದುವಿನ ಹೆಸರು ಹೇಳಿ "ಅಲ್ಲಿಂದ ಒಳಬರುತ್ತಿದ್ದೇನೆ" ಅನ್ನುವುದು. ಕಣ್ಣಳತೆಯಲ್ಲಿ ಹಾರುವ ವಿದ್ಯಾರ್ಥಿಗೆ ಆ ಐದಕ್ಷರದ ಹೆಸರು ಏನೂ ಹೇಳುವುದಿಲ್ಲ. "ಉತ್ತರಕ್ಕೆ ಆರು ಮೈಲಿ" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

"ಈ ಪ್ರದೇಶದಲ್ಲಿರುವವರೆಲ್ಲ ದಯವಿಟ್ಟು ತಿಳಿಸಿ" ಎಂದು ಕೇಳುವುದು. ಇದನ್ನು ಮಾಡಬೇಡಿ ಎಂದು ಅಮೆರಿಕದ ವಿಮಾನಯಾನ ಇಲಾಖೆ ತನ್ನ ಕೈಪಿಡಿಯಲ್ಲೇ ಹೇಳಿದೆ. ಎಲ್ಲರೂ ಒಟ್ಟಿಗೆ ಉತ್ತರಿಸಿದರೆ ಕಿರಗುಟ್ಟುವ ಸದ್ದು ಬಿಟ್ಟು ಬೇರೇನೂ ಕೇಳಿಸದು.

ದೂರ ಹೇಳಿ ವೇಗ ಬಿಡುವುದು. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು, ಹಂತ 7ರಲ್ಲಿ ವಿವರವಾಗಿ ಬರುತ್ತದೆ.

ಇನ್ನೊಂದು, ಕೇಳಿದ ಉತ್ತರ ಯಾರದ್ದು ಎಂದು ಖಚಿತ ಮಾಡಿಕೊಳ್ಳದಿರುವುದು. 1996ರ ನವೆಂಬರ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿ, ಟವರ್ ಇಲ್ಲದ ನಿಲ್ದಾಣದಲ್ಲಿ, ಇಳಿಯುತ್ತಿದ್ದ ಬೀಚ್ 1900 ವಿಮಾನದ ಸಿಬ್ಬಂದಿ ಅಡ್ಡ ರನ್‌ವೇಯಲ್ಲಿದ್ದ ಕಿಂಗ್ ಏರ್ ಎಂಬ ವಿಮಾನ ನಿಂತಿರುತ್ತದೆಯೇ ಎಂದು ರೇಡಿಯೊದಲ್ಲಿ ಕೇಳಿದರು. ಉತ್ತರ ಬಂದದ್ದು ಅದರ ಹಿಂದಿದ್ದ ಮೂರನೇ ವಿಮಾನದಿಂದ. ಅದೇ ಹೊತ್ತಿಗೆ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಯ ಧ್ವನಿಯೂ ಮೊಳಗಿ ಮಾತು ಅರ್ಧ ಮುಚ್ಚಿಹೋಯಿತು. ಕಿಂಗ್ ಏರ್ ನಿಂತಿದೆ ಎಂದುಕೊಂಡು ಇವರು ಇಳಿದರು, ಅದು ಟೇಕಾಫ್‌ಗೆ ಓಡಿತು. ಎರಡೂ ವಿಮಾನಗಳಲ್ಲಿದ್ದ 14 ಮಂದಿಯೂ ಸತ್ತರು. ಗಾಳಿಯಲ್ಲಿ ಅಲ್ಲ, ರನ್‌ವೇ ಮೇಲೆ. ಆದರೆ ಕಿವಿ ಮೋಸಹೋಗುವ ಬಗೆ ಎರಡೂ ಕಡೆ ಒಂದೇ. ಉತ್ತರ ಕೊಟ್ಟವರು ವಿಮಾನದ ಗುರುತು ಹೇಳದಿದ್ದರೆ ಮತ್ತೆ ಕೇಳಿ.

ಇದೆಲ್ಲ ಸರಿಯಾಗಿ ಮಾಡಿದರೂ ನೆನಪಿಡಿ: ಅನೇಕ ಸಣ್ಣ ನಿಲ್ದಾಣಗಳಲ್ಲಿ ರೇಡಿಯೊ ಇಲ್ಲದೆ ಹಾರುವುದು ಕಾನೂನಿಗೆ ವಿರುದ್ಧವಲ್ಲ. ನಿಮಗೆ ಕೇಳಿಸಿದ್ದು ಮಾತಾಡಿದವರ ಪಟ್ಟಿ ಅಷ್ಟೇ.

ಹಂತ 4: ಸರ್ಕ್ಯೂಟ್‌ಗೆ ಸೇರುವುದು

ಸರ್ಕ್ಯೂಟ್ ಎತ್ತರವನ್ನು ಹೊರಗೇ ತಲುಪಿ, ಆಮೇಲೆ ಒಳಗೆ ಬನ್ನಿ. ಮೇಲಿನಿಂದ ಇಳಿಯುತ್ತ ಡೌನ್‌ವಿಂಡ್‌ಗೆ ಸೇರಿದರೆ ಕೆಳಗಿರುವವನು ನಿಮ್ಮ ಮೂತಿಯ ಅಡಿಯಲ್ಲಿ ಅಡಗಿರುತ್ತಾನೆ, ನೀವು ಅವನ ತಲೆಯ ಮೇಲೆ.

ಅಮೆರಿಕದಲ್ಲಿ ರೂಢಿ ಎಂದರೆ ಡೌನ್‌ವಿಂಡ್‌ನ ನಡುಭಾಗಕ್ಕೆ 45 ಡಿಗ್ರಿ ಓರೆಯಾಗಿ ಬಂದು ಸೇರುವುದು. ಬ್ರಿಟನ್‌ನಲ್ಲಿ ಬಹಳ ಕಡೆ ನಿಲ್ದಾಣದ ನೆತ್ತಿಯ ಮೇಲೆ ಎತ್ತರದಲ್ಲಿ ಬಂದು, ಸರ್ಕ್ಯೂಟ್ ಇಲ್ಲದ ಬದಿಯಲ್ಲಿ ಇಳಿದು, ಕ್ರಾಸ್‌ವಿಂಡ್‌ನಲ್ಲಿ ಸೇರುತ್ತಾರೆ. ಯಾವುದು ಒಳ್ಳೆಯದು ಎಂಬ ವಾದಕ್ಕೆ ಕೊನೆಯಿಲ್ಲ, ಅದನ್ನು ಕ್ಯಾಂಟೀನಿಗೆ ಬಿಡಿ. ಅಲ್ಲಿ ಉಳಿದವರು ನಿಮ್ಮನ್ನು ಎಲ್ಲಿ ಹುಡುಕುತ್ತಾರೋ ಅಲ್ಲಿ ನೀವಿರಬೇಕು.

ಹಂತ 5: ಕಣ್ಣನ್ನು ಕೆಲಸಕ್ಕೆ ಹಚ್ಚುವುದು

"ಹೊರಗೆ ನೋಡುತ್ತಿರು" ಎಂದು ಎಲ್ಲ ಬೋಧಕರೂ ಹೇಳುತ್ತಾರೆ. ಹೇಗೆ ನೋಡಬೇಕು ಎಂದು ಹೇಳುವವರು ಕಡಿಮೆ.

ನಮ್ಮ ಕಣ್ಣಿಗೆ ಚೂಪಾದ ನೋಟ ಇರುವುದು ನಟ್ಟ ನಡುವಿನ ಒಂದೆರಡು ಡಿಗ್ರಿಯಷ್ಟು ಜಾಗದಲ್ಲಿ ಮಾತ್ರ. ಉಳಿದ ಅಂಚಿನ ನೋಟ ಚಲನೆಯನ್ನು ಹಿಡಿಯುತ್ತದೆ, ಸಣ್ಣ ವಸ್ತುವನ್ನು ಹಿಡಿಯದು. ಹಾಗಾಗಿ ತಲೆಯನ್ನು ಆಚೆಯಿಂದ ಈಚೆಗೆ ಒಂದೇ ಸಮ ತಿರುಗಿಸಿದರೆ ನೋಡಿದಂತೆ ಅನಿಸುತ್ತದೆ, ಕಾಣುವುದಿಲ್ಲ. ಆಕಾಶವನ್ನು ಸುಮಾರು 10 ಡಿಗ್ರಿಯ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಮೇಲೆ ಕನಿಷ್ಠ ಒಂದು ಸೆಕೆಂಡು ಕಣ್ಣು ನಿಲ್ಲಿಸಿ, ನಂತರ ಮುಂದಿನದಕ್ಕೆ ಹೋಗಿ. ನಡುನಡುವೆ ದಿಗಂತದ ಬೆಟ್ಟವನ್ನೋ ದೂರದ ಮೋಡದ ಅಂಚನ್ನೋ ಒಮ್ಮೆ ದಿಟ್ಟಿಸಿ. ನೋಡಲು ಏನೂ ಇಲ್ಲದ ಬರಿ ಆಕಾಶದಲ್ಲಿ ಕಣ್ಣು ತಾನಾಗಿಯೇ ಹತ್ತಿರದ ದೂರಕ್ಕೆ ಫೋಕಸ್ ಮಾಡಿಕೊಂಡು ಕೂತುಬಿಡುತ್ತದೆ.

ಇನ್ನು ಅತಿ ಮುಖ್ಯವಾದದ್ದು. ಡಿಕ್ಕಿಯ ದಾರಿಯಲ್ಲಿರುವ ವಿಮಾನ, ಎರಡೂ ತಮ್ಮತಮ್ಮ ವೇಗ ಬದಲಿಸದೆ ನೇರವಾಗಿ ಹೋಗುತ್ತಿದ್ದರೆ, ನಿಮ್ಮ ಗಾಜಿನ ಮೇಲೆ ಅಲುಗಾಡುವುದಿಲ್ಲ. ಅದು ಒಂದೇ ಜಾಗದಲ್ಲಿ ನಿಂತ ಚುಕ್ಕೆ. ಗಾಜಿನ ಮೇಲೆ ಸರಿಯುತ್ತ ಹೋಗುವ ವಿಮಾನ ಆಚೆಯೋ ಈಚೆಯೋ ಹಾದುಹೋಗುತ್ತದೆ. ನಿಂತೇ ಇದ್ದು ನಿಧಾನಕ್ಕೆ ದೊಡ್ಡದಾಗುತ್ತಿರುವುದು ನಿಮ್ಮತ್ತಲೇ ಬರುತ್ತಿದೆ. ಅಂಚಿನ ನೋಟ ಹಿಡಿಯುವುದು ಚಲನೆಯನ್ನು, ಅಪಾಯದ ವಿಮಾನಕ್ಕೋ ಚಲನೆಯೇ ಇಲ್ಲ. ಕಣ್ಣಿನ ಮೇಲಷ್ಟೇ ಭಾರ ಹಾಕಬೇಡಿ ಎನ್ನುವುದು ಇದಕ್ಕೇ.

ಲೆಕ್ಕ ಹಾಕಿ ನೋಡೋಣ. ಎರಡು ವಿಮಾನಗಳು ತಲಾ 100 ನಾಟ್ ವೇಗದಲ್ಲಿ ಎದುರುಬದುರು ಬರುತ್ತಿವೆ. ಕೂಡಿ 200 ನಾಟ್, ಅಂದರೆ ಸೆಕೆಂಡಿಗೆ ಸುಮಾರು 103 ಮೀಟರ್. ವಸ್ತು ಕಣ್ಣಿಗೆ ಬಿದ್ದು, ಅದು ವಿಮಾನ ಎಂದು ಗೊತ್ತಾಗಿ, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿವಾಗಿ, ಎತ್ತ ತಿರುಗಲಿ ಎಂದು ನಿರ್ಧರಿಸಿ, ಕೈ ಆಡಿಸಿ, ವಿಮಾನ ಮಾತು ಕೇಳುವವರೆಗೆ ಒಟ್ಟು ಸುಮಾರು 12.5 ಸೆಕೆಂಡು ಹಿಡಿಯುತ್ತದೆ ಎಂಬುದು ಅಮೆರಿಕದ ವಿಮಾನಯಾನ ಇಲಾಖೆಯ ಮಾರ್ಗದರ್ಶನದಲ್ಲಿ ಬಳಸುವ ಅಂಕಿ. ಅದರಲ್ಲಿ ಅರಿವಾಗಲು 5, ನಿರ್ಧರಿಸಲು 4 ಸೆಕೆಂಡು. ಕೈಕಾಲಿನ ಪಾಲು ಅರ್ಧ ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಸುಮಾರು 1.3 ಕಿ.ಮೀ. ಕರಗಿರುತ್ತದೆ. ಆ ದೂರದಲ್ಲಿ 11 ಮೀಟರ್ ರೆಕ್ಕೆಯ ಸೆಸ್ನಾ 172 ತುದಿಯಿಂದ ತುದಿಗೆ ಹುಣ್ಣಿಮೆ ಚಂದ್ರನಷ್ಟು ಅಗಲ. ಆದರೆ ಚಂದ್ರನಂತೆ ತುಂಬಿದ ಬಿಲ್ಲೆಯಲ್ಲ, ಒಂದು ತೆಳು ಗೆರೆ, ನಡುವೆ ಒಂದು ಚುಕ್ಕೆ. ಅದನ್ನು ಆ ಹೊತ್ತಿಗಾಗಲೇ ನೀವು ಕಂಡಿರಬೇಕು.

ಕಾಣದ ಜಾಗಗಳನ್ನು ತೆರೆದು ನೋಡಲು ವಿಮಾನವನ್ನೇ ಅಲುಗಾಡಿಸಬೇಕಾಗುತ್ತದೆ. ಸೆಸ್ನಾದಂತೆ ರೆಕ್ಕೆ ಮೇಲಿದ್ದರೆ ನಿಮಗೆ ಮೇಲಿನದು ಕಾಣದು, ತಿರುಗುವಾಗ ಬಾಗಿದ ರೆಕ್ಕೆ ನೀವು ಹೋಗುತ್ತಿರುವ ಕಡೆಯನ್ನೇ ಮುಚ್ಚುತ್ತದೆ. ಅನೇಕ ಪೈಪರ್‌ಗಳಂತೆ ರೆಕ್ಕೆ ಕೆಳಗಿದ್ದರೆ ಅಡಿಯಲ್ಲಿರುವುದು ಕಾಣದು. ಫೈನಲ್‌ನಲ್ಲಿ ಕೆಳಗೆ ಮೇಲು-ರೆಕ್ಕೆಯ ವಿಮಾನ, ಮೇಲೆ ಕೆಳ-ರೆಕ್ಕೆಯದು ಇದ್ದರೆ ಒಬ್ಬರಿಗೊಬ್ಬರು ಕೊನೆವರೆಗೂ ಕಾಣದೆ ಇಳಿಯುತ್ತಿರಬಹುದು. ತಿರುಗುವ ಮುನ್ನ ಆ ಬದಿಯ ರೆಕ್ಕೆಯನ್ನು ಒಮ್ಮೆ ಎತ್ತಿ ನೋಡಿ, ಆಮೇಲೆ ತಿರುಗಿ. ಕಿಟಕಿಯ ಕಂಬದ ಹಿಂದೆ ಏನಿದೆ ಎಂದು ನೋಡಲು ತಲೆಯನ್ನು ಹಿಂದೆ ಮುಂದೆ ಸರಿಸಿ. ನೇರ ಮೇಲೇರುವಾಗ ಮೂತಿ ಮುಂದಿನದನ್ನೆಲ್ಲ ಮುಚ್ಚುತ್ತದೆ. ಸರ್ಕ್ಯೂಟ್‌ನ ಹೊರಗೆ ಏರುವಾಗ ಎಡಕ್ಕೆ ಬಲಕ್ಕೆ ಸಣ್ಣಗೆ ತಿರುಗುತ್ತ ಏರಿ.

ಹಂತ 6: ಪರದೆಯನ್ನು ಎಷ್ಟು ನಂಬಬೇಕು

ಎಡಿಎಸ್-ಬಿ ಎಂದರೆ ವಿಮಾನ ತನ್ನ ಸ್ಥಾನ, ಎತ್ತರ, ವೇಗವನ್ನು ತಾನೇ ಸಾರುತ್ತ ಹೋಗುವ ವ್ಯವಸ್ಥೆ. ಸಾರುವ ಉಪಕರಣಕ್ಕೆ ಎಡಿಎಸ್-ಬಿ ಔಟ್, ಬೇರೆಯವರದ್ದನ್ನು ಹಿಡಿದು ತೋರಿಸುವುದಕ್ಕೆ ಎಡಿಎಸ್-ಬಿ ಇನ್ ಎನ್ನುತ್ತಾರೆ. ಗ್ಲೈಡರ್‌ಗಳಲ್ಲಿ ಫ್ಲಾರ್ಮ್ ಎಂಬ ಬೇರೆಯದೇ ವ್ಯವಸ್ಥೆ ಹೆಚ್ಚು.

2020ರ ಫೆಬ್ರವರಿ 19ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮ್ಯಾಂಗಲೋರ್ ನಿಲ್ದಾಣದ ಬಳಿ ಎರಡು ಅವಳಿ-ಎಂಜಿನ್ ವಿಮಾನಗಳು ಡಿಕ್ಕಿಯಾಗಿ ನಾಲ್ವರು ಸತ್ತರು. ಎರಡರಲ್ಲೂ ಸಾರುವ ಉಪಕರಣವಿತ್ತು, ತೋರಿಸುವುದು ಎರಡರಲ್ಲೂ ಇರಲಿಲ್ಲ. ಕೈಗೆಟಕುವಂತಿದ್ದರೆ ಎಡಿಎಸ್-ಬಿ ಇನ್ ಹಾಕಿಸಿಕೊಳ್ಳಿ ಎಂದು ನಾನು ಯಾರಿಗಾದರೂ ಹೇಳುವುದು ಇಂಥದ್ದನ್ನು ನೋಡಿಯೇ. ಟ್ಯಾಬ್ಲೆಟ್‌ಗೆ ಜೋಡಿಸುವ ಪುಟ್ಟ ರಿಸೀವರ್ ಕೂಡ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಆದರೆ ಅದರ ಮಿತಿಗಳು ಗೊತ್ತಿರಲಿ. ಉಪಕರಣ ಇಲ್ಲದವರು ಪರದೆಯ ಮೇಲೆ ಇರುವುದೇ ಇಲ್ಲ. ನಿಮ್ಮದೇ ವಿಮಾನದ ದೇಹ ಆಂಟೆನಾಗೆ ಅಡ್ಡ ಬಂದು ಕೆಲವು ದಿಕ್ಕುಗಳು ಕುರುಡಾಗಬಹುದು. ತೋರುವ ಸ್ಥಾನ ಸ್ವಲ್ಪ ಹಳೆಯದಾಗಿರಬಹುದು. ಆದ್ದರಿಂದ ಪರದೆಯ ಬಳಕೆ ಸರ್ಕ್ಯೂಟ್‌ನ ಹೊರಗೆ: ಯಾರಿದ್ದಾರೆ, ಎಲ್ಲಿ ಹುಡುಕಬೇಕು ಎಂದು ತಿಳಿದುಕೊಂಡು ಕಣ್ಣನ್ನು ಅತ್ತ ಕಳಿಸಿ. ಡೌನ್‌ವಿಂಡ್‌ಗೆ ಬಂದ ಮೇಲೆ ತಲೆ ತಗ್ಗಿಸಿ ಚುಕ್ಕೆಗಳನ್ನು ಎಣಿಸುತ್ತ ಕೂರಬೇಡಿ. ಎಚ್ಚರಿಕೆಯ ಧ್ವನಿ ಹೆಡ್‌ಸೆಟ್‌ಗೆ ಬರುವಂತೆ ಜೋಡಿಸಿಕೊಂಡರೆ ಆ ಆಸೆಯೇ ಹುಟ್ಟುವುದಿಲ್ಲ. ಮತ್ತೆ, ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಉಪಕರಣ) ಎತ್ತರವನ್ನೂ ಕಳಿಸುವ ಸ್ಥಿತಿಯಲ್ಲಿದೆಯೇ ಎಂದು ಟೇಕಾಫ್‌ಗೆ ಮುನ್ನ ನೋಡಿ. ಸ್ಟ್ಯಾಂಡ್‌ಬೈಯಲ್ಲೇ ಮರೆತು ಹಾರುವವರಿದ್ದಾರೆ.

ಹಂತ 7: ಬೇಸ್ ಮತ್ತು ಫೈನಲ್

ಅಪಾಯ ಅತಿ ಹೆಚ್ಚು ಇಲ್ಲಿ. ನಿಮ್ಮ ಗಮನವೆಲ್ಲ ರನ್‌ವೇ, ವೇಗ, ಫ್ಲ್ಯಾಪ್‌ಗಳ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಇಳಿಬಿಡುವ ಪಟ್ಟಿಗಳು) ಮೇಲೆ. ಕಣ್ಣು ಒಂದೇ ಕಡೆಗೆ. ಎತ್ತರ ಕಡಿಮೆ, ತಪ್ಪಿಸಿಕೊಳ್ಳಲು ಜಾಗವೂ ಕಡಿಮೆ.

2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ, ಟವರ್ ಇಲ್ಲದ ನಿಲ್ದಾಣದಲ್ಲಿ, ಒಂದು ಸೆಸ್ನಾ 152 ಸರ್ಕ್ಯೂಟ್ ಸುತ್ತುತ್ತಿತ್ತು. ಅವಳಿ ಎಂಜಿನ್‌ನ ಸೆಸ್ನಾ 340 ಅದೇ ರನ್‌ವೇಗೆ ದೂರದಿಂದ ಸ್ಟ್ರೇಟ್-ಇನ್ ಬರುತ್ತಿತ್ತು. ಹಗಲು. ಇಬ್ಬರೂ ಒಂದೇ ಫ್ರೀಕ್ವೆನ್ಸಿಯಲ್ಲಿ ತಮ್ಮ ಸ್ಥಾನ ಹೇಳಿಕೊಂಡೇ ಬಂದರು. ದೊಡ್ಡ ವಿಮಾನದ ವೇಗ ಸುಮಾರು 180 ನಾಟ್, ಇಳಿಯಲು ಬರುವವರು ಇಟ್ಟುಕೊಳ್ಳುವುದಕ್ಕಿಂತ ಬಹಳ ಹೆಚ್ಚು. ಹಿಂದಿನಿಂದ ರಭಸವಾಗಿ ಬರುತ್ತಿರುವುದನ್ನು ಕಂಡ 152ರ ಪೈಲಟ್ ಗೋ-ಅರೌಂಡ್ ಮಾಡುತ್ತಿದ್ದೇನೆ ಎಂದು ರೇಡಿಯೊದಲ್ಲಿ ಹೇಳಿದ. ಅಷ್ಟರಲ್ಲಿ ಡಿಕ್ಕಿಯಾಯಿತು, ಮೂವರು ಸತ್ತರು.

ಮಾತು ನಡೆದಿತ್ತು, ಕಣ್ಣಿಗೂ ಬಿದ್ದಿತ್ತು. ವೇಗದ ಲೆಕ್ಕ ಮಾತ್ರ ಯಾರ ತಲೆಯಲ್ಲೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. "ಮೂರು ಮೈಲಿ ಫೈನಲ್" ಎಂದು ಕೇಳಿದಾಗ ನಿಧಾನದ ವಿಮಾನದಲ್ಲಿ ಕೂತವನು ತನ್ನ ವೇಗದಲ್ಲಿ ಯೋಚಿಸುತ್ತಾನೆ. 60 ನಾಟ್‌ನಲ್ಲಿ ಮೂರು ಮೈಲಿ ಎಂದರೆ ಮೂರು ನಿಮಿಷ, ಬೇಸ್ ತಿರುಗಿ ಇಳಿದು ರನ್‌ವೇ ಬಿಡಲು ಧಾರಾಳ ಸಮಯ. 180 ನಾಟ್‌ನಲ್ಲಿ ಅದೇ ಮೂರು ಮೈಲಿ ಒಂದೇ ನಿಮಿಷ.

ಹಾಗಾಗಿ ದೂರವನ್ನು ಯಾವಾಗಲೂ ಸಮಯಕ್ಕೆ ತಿರುಗಿಸಿ. ಸ್ಟ್ರೇಟ್-ಇನ್ ಬರುವವರು ಇದ್ದಾರೆಂದು ಕೇಳಿದರೆ ವಿಮಾನ ಯಾವುದು, ಇನ್ನೆಷ್ಟು ನಿಮಿಷ ಎಂದು ಕೇಳಿ. ಉತ್ತರ ಬರುವವರೆಗೆ, ಅಥವಾ ಅದು ಕಣ್ಣಿಗೆ ಕಾಣುವವರೆಗೆ, ಬೇಸ್‌ಗೆ ತಿರುಗಬೇಡಿ. ಡೌನ್‌ವಿಂಡ್ ಉದ್ದ ಮಾಡಿ ಅವರನ್ನು ಮುಂದೆ ಬಿಡಿ. ಡೌನ್‌ವಿಂಡ್‌ನಲ್ಲಿ ಇನ್ನೊಂದು ನಿಮಿಷ ಹೋದರೆ ಖರ್ಚಾಗುವುದು ಸ್ವಲ್ಪ ಇಂಧನ ಮಾತ್ರ. ನೀವೇ ವೇಗದ ವಿಮಾನದಲ್ಲಿದ್ದು ಸ್ಟ್ರೇಟ್-ಇನ್ ಬರುತ್ತಿದ್ದರೆ, ಸರ್ಕ್ಯೂಟ್‌ನಲ್ಲಿ ಒಬ್ಬರಿದ್ದಾರೆ ಎಂದು ಗೊತ್ತಾದ ಕೂಡಲೇ ವೇಗ ಇಳಿಸಿ. ಕಾಣದಿದ್ದರೆ ಫೈನಲ್ ಬಿಟ್ಟು ಎತ್ತರದಲ್ಲಿ ಆಚೆ ಸರಿದು ಸರ್ಕ್ಯೂಟ್ ಮೂಲಕ ಬನ್ನಿ. ಸ್ಟ್ರೇಟ್-ಇನ್ ಬರಲು ಅವಕಾಶ ಇದೆ ಎಂದ ಮಾತ್ರಕ್ಕೆ ಮೊದಲ ಸರದಿ ನಿಮ್ಮದೇ ಎಂದಲ್ಲ.

ಬೇಸ್‌ನಿಂದ ಫೈನಲ್‌ಗೆ ತಿರುಗುವ ಮುನ್ನ ರನ್‌ವೇ ಕಡೆ ನೋಡುವುದು ಎಲ್ಲರಿಗೂ ರೂಢಿ. ಅದಕ್ಕೂ ಮೊದಲು ಎದುರು ಬದಿಗೆ, ಫೈನಲ್‌ನ ಹಿಂದಿನ ಗೆರೆಯುದ್ದಕ್ಕೂ, ಕೆಳಗೂ ಮೇಲೂ ನೋಡಿ. ನಿಮ್ಮನ್ನು ಮುಟ್ಟುವವನು ಬರುವುದು ಆ ಕಡೆಯಿಂದ.

ಜೋಡಿ ರನ್‌ವೇಗಳಿದ್ದರೆ ಮತ್ತೊಂದು ಬಲೆ. 2021ರ ಮೇ 12ರಂದು ಡೆನ್ವರ್ ಬಳಿಯ ಸೆಂಟೆನಿಯಲ್ ನಿಲ್ದಾಣದಲ್ಲಿ ಸಿರಸ್ ಎಸ್‌ಆರ್22 ವಿಮಾನ ತನ್ನ ಫೈನಲ್ ದಾಟಿ ಪಕ್ಕದ ರನ್‌ವೇಯ ಫೈನಲ್‌ಗೆ ನುಗ್ಗಿ ಮೆಟ್ರೋಲೈನರ್ ಎಂಬ ವಿಮಾನಕ್ಕೆ ಬಡಿಯಿತು. 2022ರ ಜುಲೈ 17ರಂದು ನಾರ್ತ್ ಲಾಸ್ ವೇಗಸ್‌ನಲ್ಲಿ ಪೈಪರ್ ಪಿಎ-46 ಎಡಗಡೆಯ ರನ್‌ವೇ ಬದಲು ಬಲಗಡೆಯದಕ್ಕೆ ಸಾಲುಗೂಡಿ ಸೆಸ್ನಾ 172ಕ್ಕೆ ಡಿಕ್ಕಿಯಾಯಿತು, ನಾಲ್ವರು ಸತ್ತರು. ಎರಡೂ ಕಡೆ ಟವರ್ ಇತ್ತು ಎಂಬುದನ್ನು ಗಮನಿಸಿ. ಬೇಸ್‌ನಲ್ಲಿರುವಾಗಲೇ ನಿಮ್ಮ ರನ್‌ವೇ ಸಂಖ್ಯೆಯನ್ನು ಜೋರಾಗಿ ಹೇಳಿಕೊಳ್ಳಿ, ತಿರುವನ್ನು ಬೇಗ ಶುರುಮಾಡಿ. ಫೈನಲ್ ದಾಟಿಹೋದರೆ ಕಡಿದಾಗಿ ತಿರುಗಿ ಸರಿಮಾಡಲು ಹೋಗಬೇಡಿ, ಕಡಿಮೆ ಎತ್ತರದಲ್ಲಿ ಅದು ವಿಮಾನವನ್ನೇ ಸ್ಟಾಲ್ ಮಾಡಿಸಬಹುದು, ಅಂದರೆ ರೆಕ್ಕೆಯ ಎತ್ತುವ ಬಲವೇ ಕುಸಿಯಬಹುದು. ಗೋ-ಅರೌಂಡ್ ಮಾಡಿ, ಆದರೆ ಪಕ್ಕದ ರನ್‌ವೇ ಕಡೆಗಲ್ಲ.

ಹಂತ 8: ಎದುರಾದಾಗ ಯಾರು ಯಾರಿಗೆ ದಾರಿ ಬಿಡಬೇಕು

ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ. ಅಡ್ಡ ಬಂದರೆ ಬಲಗಡೆಯಿಂದ ಬರುತ್ತಿರುವವನಿಗೆ ನೀವು ದಾರಿ ಬಿಡಿ. ಹಿಂದಿಕ್ಕುವವನೇ ದಾರಿ ಬಿಟ್ಟು ಬಲಗಡೆಯಿಂದ ಹೋಗಬೇಕು. ಇಳಿಯುವವರಲ್ಲಿ ಕೆಳಗಿರುವವನಿಗೆ ಆದ್ಯತೆ. ಆದರೆ ಅದನ್ನೇ ನೆಪಮಾಡಿಕೊಂಡು ಮುಂದೆ ತೂರಿಕೊಳ್ಳುವಂತಿಲ್ಲ. ಎಂಜಿನ್ ಇರುವ ವಿಮಾನ ಗ್ಲೈಡರ್‌ಗೂ ಬಲೂನಿಗೂ ದಾರಿ ಬಿಡುತ್ತದೆ.

ನಿಯಮ ನಿಮ್ಮ ಪರ ಇದ್ದರೂ ಎದುರಿನವನು ನಿಮ್ಮನ್ನು ಕಂಡಿದ್ದಾನೆ ಎಂದುಕೊಳ್ಳಬೇಡಿ. ತಪ್ಪಿಸಿಕೊಳ್ಳುವಾಗ ಸಾಧ್ಯವಾದಷ್ಟು ಅವನನ್ನು ಕಣ್ಣಿನಿಂದ ಬಿಡದ ಹಾಗೆ ತಿರುಗಿ, ರೆಕ್ಕೆಯನ್ನು ಅಡ್ಡ ತಂದುಕೊಳ್ಳಬೇಡಿ. ಒಂದು ತಪ್ಪಿತು ಎಂದು ನಿರಾಳವಾಗುವ ಮೊದಲು ಅದರ ಹಿಂದೆ ಇನ್ನೊಂದಿದೆಯೇ ನೋಡಿ.

ಹಂತ 9: ತಗುಲಿಯೇ ಬಿಟ್ಟರೆ

ಪ್ರತಿ ಡಿಕ್ಕಿಯೂ ಸಾವಲ್ಲ. ಸೆಂಟೆನಿಯಲ್‌ನಲ್ಲಿ ಮೆಟ್ರೋಲೈನರ್‌ನ ಹಿಂಭಾಗದ ಮೇಲ್ಛಾವಣಿ ಹರಿದು ಬಾಯ್ತೆರೆದಿತ್ತು, ಆದರೂ ಅದರ ಪೈಲಟ್ ಅದನ್ನು ಇಳಿಸಿದ. ಸಿರಸ್‌ನಲ್ಲಿದ್ದವರು ವಿಮಾನದ ಪ್ಯಾರಾಶೂಟ್ ಎಳೆದರು. ಎಲ್ಲರೂ ಬದುಕಿದರು.

ಮೊದಲು ವಿಮಾನ ಹಾರಿಸಿ, ರೇಡಿಯೊ ಆಮೇಲೆ. ರೆಕ್ಕೆ ಸಮ ಮಾಡಿ, ಕಂಟ್ರೋಲ್‌ಗಳು ಮಾತು ಕೇಳುತ್ತಿವೆಯೇ ಎಂದು ಸಣ್ಣ ಚಲನೆಯಲ್ಲಿ ನೋಡಿ. ಹಾರುತ್ತಿರುವ ಸ್ಥಿತಿಯನ್ನು ಸುಮ್ಮನೆ ಬದಲಿಸಬೇಡಿ. ಒಂದು ಬದಿಯ ಫ್ಲ್ಯಾಪ್ ಮುರಿದಿದ್ದರೆ ಫ್ಲ್ಯಾಪ್ ಇಳಿಸಿದ ಕ್ಷಣವೇ ವಿಮಾನ ಮಗುಚಬಹುದು. ಎತ್ತರ ಇದ್ದರೆ ಅಲ್ಲೇ ಮೆಲ್ಲಗೆ ವೇಗ ಇಳಿಸಿ, ಎಷ್ಟಕ್ಕೆ ಹಿಡಿತ ಸಡಿಲವಾಗುತ್ತದೆ ನೋಡಿಕೊಂಡು, ಅದಕ್ಕಿಂತ ಸಾಕಷ್ಟು ಹೆಚ್ಚು ವೇಗದಲ್ಲೇ ಉದ್ದದ ರನ್‌ವೇಗೆ ಇಳಿಸಿ. ಪೂರ್ತಿ ವಿಮಾನದ ಪ್ಯಾರಾಶೂಟ್ ಇದ್ದು ಹಿಡಿತ ತಪ್ಪಿದ್ದರೆ ತಡಮಾಡಬೇಡಿ, ಎತ್ತರ ಕಳೆದಂತೆ ಅದರ ಉಪಯೋಗವೂ ಕಳೆಯುತ್ತದೆ. ಬಿಡುವು ಸಿಕ್ಕಿದಾಗ ಈಗಿರುವ ಫ್ರೀಕ್ವೆನ್ಸಿಯಲ್ಲೇ ಮೇಡೇ (ಪ್ರಾಣಾಪಾಯದ ತುರ್ತು ಕರೆ) ಹೇಳಿ. ಯಾರೂ ಉತ್ತರಿಸದಿದ್ದರೆ ತುರ್ತು ಫ್ರೀಕ್ವೆನ್ಸಿಯಾದ 121.5 ಮೆಗಾಹರ್ಟ್ಸ್, ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700.

ಹಂತ 10: ಕೂದಲೆಳೆಯಲ್ಲಿ ತಪ್ಪಿದ್ದರೆ

ಬಹಳ ಜನ ಇಳಿದು, ಬೆವರೊರೆಸಿಕೊಂಡು, ಸುಮ್ಮನಾಗುತ್ತಾರೆ. ಅಥವಾ ನೇರವಾಗಿ ಆ ಇನ್ನೊಬ್ಬನನ್ನು ಹುಡುಕಿಕೊಂಡು ಜಗಳಕ್ಕೆ ಹೋಗುತ್ತಾರೆ. ಎರಡೂ ಬೇಡ. ಎಂಜಿನ್ ಆರಿಸಿದ ಕೂಡಲೇ, ಯಾರೊಂದಿಗೂ ಮಾತಾಡುವ ಮೊದಲು, ಸಮಯ, ಸ್ಥಾನ, ಎತ್ತರ, ನಿಮ್ಮ ದಿಕ್ಕು, ಇನ್ನೊಂದರ ಬಗೆ ಮತ್ತು ಬಣ್ಣ, ಎಷ್ಟು ಹತ್ತಿರ ಬಂತು, ಮೊದಲು ಕಂಡದ್ದು ಯಾವಾಗ ಎಂಬುದನ್ನು ಬರೆದಿಡಿ. ಬೇರೆಯವರ ಮಾತು ಕಿವಿಗೆ ಬಿದ್ದ ಮೇಲೆ ನಿಮ್ಮ ನೆನಪು ನಿಮ್ಮದಾಗಿ ಉಳಿಯುವುದಿಲ್ಲ.

ನಂತರ ವರದಿ ಮಾಡಿ. ಅಮೆರಿಕದಲ್ಲಿ 500 ಅಡಿಗಿಂತ ಹತ್ತಿರ ಬಂದರೆ, ಅಥವಾ ಡಿಕ್ಕಿಯ ಅಪಾಯವಿತ್ತು ಎಂದು ಪೈಲಟ್‌ಗೆ ಅನಿಸಿದರೆ, ಅದು ವರದಿಗೆ ಅರ್ಹ. ಹೆಸರು ಗುಟ್ಟಾಗಿಟ್ಟು ಇಂಥವನ್ನು ಸಂಗ್ರಹಿಸುವ ವ್ಯವಸ್ಥೆಯನ್ನು ಅಲ್ಲಿ ನಾಸಾ 1976ರಿಂದ ನಡೆಸುತ್ತಿದೆ. ಬ್ರಿಟನ್‌ನಲ್ಲಿ ಇದಕ್ಕೆಂದೇ ಏರ್‌ಪ್ರಾಕ್ಸ್ ಮಂಡಳಿ ಇದೆ. ನಿಮ್ಮಲ್ಲಿ ಯಾರಿಗೆ, ಎಷ್ಟು ದಿನದೊಳಗೆ ಸಲ್ಲಿಸಬೇಕು ಎಂಬುದನ್ನು ಬೋಧಕರಿಂದ ಈಗಲೇ ಕೇಳಿಟ್ಟುಕೊಳ್ಳಿ. ಟ್ಯಾಬ್ಲೆಟ್‌ನಲ್ಲಿ ಹಾರಾಟದ ಜಾಡು ದಾಖಲಾಗಿದ್ದರೆ, ಮುಂದಿನ ಹಾರಾಟ ಅದರ ಮೇಲೆ ಬರೆದುಬಿಡುವ ಮೊದಲು, ಅದರ ಪ್ರತಿಯೊಂದನ್ನು ಬೇರೆ ಕಡೆ ಉಳಿಸಿ.